ಶನಿವಾರ ಸೋತು ಭಾನುವಾರ ಚಾಂಪಿಯನ್ ಆಗೋದು ಹೇಗೆ?

ಪ್ರಶ್ನೆ: ನಾವು ಹಾಸನದ ಕಡೆಯವರು. ಈಗ ಅಮೆರಿಕದ ಶಾರ್ಲೆಟ್‌ನಲ್ಲಿದ್ದೇವೆ. ನನಗೆ ಗೊತ್ತಿದ್ದದ್ದು ಕ್ರಿಕೆಟ್ ಮಾತ್ರ. ಆರನೇ ಕ್ಲಾಸಿನ ಮಗನಿಂದಾಗಿ ಈಗ ಮನೆಯಲ್ಲಿ ಕ್ಯಾರೊಲೈನಾ ಪ್ಯಾಂಥರ್ಸ್ ಅನ್ನೋ ಅಮೆರಿಕನ್ ಫುಟ್‌ಬಾಲ್ ಟೀಮಿನ ಹುಚ್ಚು. ಕಳೆದ ಜನವರಿಯಲ್ಲಿ ನಮ್ಮ ಟೀಮ್ ಶನಿವಾರ ಟ್ಯಾಂಪಾದಲ್ಲಿ ಸೋತಿತು. ಮಗ ಊಟ ಬಿಟ್ಟು ಮಲಗಿದ. ಮರುದಿನ ಬೇರೆ ಯಾರೋ ಇಬ್ಬರು ಆಡಿದರು, ಅಟ್ಲಾಂಟಾ ಗೆದ್ದಿತು, ಅದಕ್ಕೆ ನಾವು ಡಿವಿಷನ್ ಚಾಂಪಿಯನ್ ಅಂದರು! 17 ಪಂದ್ಯದಲ್ಲಿ 8 ಗೆದ್ದು 9 ಸೋತ ಟೀಮ್ ಚಾಂಪಿಯನ್. ಊರಿಂದ ಫೋನ್ ಮಾಡಿದ ಮಾವನವರಿಗೆ ಇದನ್ನು ಹೇಗೆ ಬಿಡಿಸಿ ಹೇಳೋದು ಅಂತ ತಿಳಿಯಲಿಲ್ಲ. ಆಫೀಸಿನಲ್ಲಿ ಒಬ್ಬರು ‘ಇದೆಲ್ಲ ಸೆಟ್ಟಿಂಗ್’ ಅಂದರು. ಇನ್ನೊಬ್ಬರು ‘12 ಗೆದ್ದ ಲಾಸ್ ಏಂಜಲೀಸ್ ರ‍್ಯಾಮ್ಸ್ ನಿಮ್ಮ ಊರಿಗೆ ಬಂದು ಆಡಬೇಕಾಯಿತಲ್ಲ, ಈ ರೂಲ್ ಜಾಸ್ತಿ ದಿನ ಉಳಿಯಲ್ಲ’ ಅಂದರು. ನಿಜವಾಗಿ ಏನಾಯಿತು? ರೂಲ್ ಬದಲಾಗಬೇಕಾ? ಈ ಸಲ ಮಗನಿಗೆ ಒಂದು ಪ್ಲೇಆಫ್ ಪಂದ್ಯ ತೋರಿಸುವ ಆಸೆ ಇದೆ. ಟೀಮ್ ರೇಸಿನಲ್ಲಿ ಇದೆಯಾ ಇಲ್ವಾ ಅಂತ ನಾವೇ ಲೆಕ್ಕ ಹಾಕೋದು ಹೇಗೆ? ಡಿಸೆಂಬರ್‌ನಲ್ಲೇ ಟಿಕೆಟ್ ತಗೋಬಹುದಾ?

ಉತ್ತರ: ಸೆಟ್ಟಿಂಗ್ ಏನೂ ಇಲ್ಲ. ಆ ಎರಡು ದಿನ ನಡೆದದ್ದೆಲ್ಲ ಮೊದಲೇ ಬರೆದಿಟ್ಟ ನಿಯಮದ ಪ್ರಕಾರವೇ ನಡೆಯಿತು. ಆದರೆ ನಿಮಗೆ ತಲೆ ಕೆಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ. ಪಂದ್ಯಗಳ ಅಂಕಿಸಂಖ್ಯೆ ನೋಡೋದೇ ನನ್ನ ಕೆಲಸ. ಡಿಸೆಂಬರ್ ಬಂತು ಅಂದರೆ ಟೈಬ್ರೇಕರ್ (ಗೆಲುವು ಸಮ ಆದಾಗ ಯಾರು ಮೇಲು ಅಂತ ತೀರ್ಮಾನಿಸುವ ನಿಯಮ) ಲೆಕ್ಕ ಕೇಳಿಕೊಂಡು ಫೋನ್ ಬರುತ್ತವೆ, ಅಮೆರಿಕದಲ್ಲೇ ಹುಟ್ಟಿ ಈ ಆಟ ನೋಡುತ್ತಲೇ ಬೆಳೆದವರಿಂದಲೂ. ನಿಮ್ಮ ಟೀಮ್ ಹೇಗೆ ಗೆದ್ದಿತು ಅನ್ನೋದನ್ನು ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಅದೊಂದು ಅರ್ಥವಾದರೆ ನ್ಯಾಯ ಅನ್ಯಾಯದ ಮಾತು, ಟಿಕೆಟ್ ಮಾತು ಎರಡೂ ಸುಲಭ.

ಈ ಆಟದ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ 32 ಟೀಮ್. ಎನ್‌ಎಫ್‌ಸಿ, ಎಎಫ್‌ಸಿ ಅಂತ ಎರಡು ಕಾನ್ಫರೆನ್ಸ್. ಒಂದೊಂದರಲ್ಲೂ ಈಸ್ಟ್, ನಾರ್ತ್, ಸೌತ್, ವೆಸ್ಟ್ ಅಂತ ನಾಲ್ಕು ಡಿವಿಷನ್, ಪ್ರತಿ ಡಿವಿಷನ್‌ಗೆ ನಾಲ್ಕು ಟೀಮ್. ನಿಮ್ಮ ಪ್ಯಾಂಥರ್ಸ್ ಇರೋದು ಎನ್‌ಎಫ್‌ಸಿ ಸೌತ್‌ನಲ್ಲಿ. ಜೊತೆಗಿರುವವರು ಟ್ಯಾಂಪಾ ಬೇ ಬಕನೀರ್ಸ್ (ಎಲ್ಲರೂ ಬಕ್ಸ್ ಅಂತಾರೆ), ಅಟ್ಲಾಂಟಾ ಫಾಲ್ಕನ್ಸ್, ನ್ಯೂ ಆರ್ಲಿಯನ್ಸ್ ಸೇಂಟ್ಸ್. ಈ ಗುಂಪು ಹುಟ್ಟಿದ್ದು 2002ರಲ್ಲಿ. ಅದಕ್ಕೂ ಮುಂಚೆ ಪ್ಯಾಂಥರ್ಸ್, ಫಾಲ್ಕನ್ಸ್, ಸೇಂಟ್ಸ್ ಮೂರೂ ಸ್ಯಾನ್ ಫ್ರಾನ್ಸಿಸ್ಕೊ ಜೊತೆ ವೆಸ್ಟ್ ಡಿವಿಷನ್‌ನಲ್ಲಿದ್ದವು. ಪೂರ್ವ ಕರಾವಳಿಯ ರಾಜ್ಯದ ಟೀಮ್ ವೆಸ್ಟ್‌ನಲ್ಲಿ! ಡಲ್ಲಾಸ್ ಈಗಲೂ ಈಸ್ಟ್‌ನಲ್ಲೇ ಇದೆ. ಹೆಸರು ನೋಡಿಕೊಂಡು ನಕ್ಷೆ ತೆಗೆಯಬೇಡಿ.

ಒಂದು ಟೀಮ್‌ಗೆ ಸೀಸನ್ನಿಗೆ 17 ಪಂದ್ಯ. ಅದರಲ್ಲಿ 6 ತನ್ನ ಡಿವಿಷನ್‌ನ ಮೂವರ ಜೊತೆ, ಇಲ್ಲೊಂದು ಅಲ್ಲೊಂದು. 4 ತನ್ನದೇ ಕಾನ್ಫರೆನ್ಸಿನ ಇನ್ನೊಂದು ಡಿವಿಷನ್ ಪೂರ್ತಿ. ಇನ್ನು 4 ಆಚೆ ಕಾನ್ಫರೆನ್ಸಿನ ಒಂದು ಡಿವಿಷನ್ ಪೂರ್ತಿ. ಯಾವ ಡಿವಿಷನ್ ಅನ್ನೋದು ವರ್ಷ ವರ್ಷ ಸರದಿಯಲ್ಲಿ ಬದಲಾಗುತ್ತದೆ. ಉಳಿದ 3 ಮಾತ್ರ, ಹಿಂದಿನ ವರ್ಷ ಬೇರೆ ಡಿವಿಷನ್‌ಗಳಲ್ಲಿ ತನ್ನಷ್ಟನೇ ಸ್ಥಾನ ಪಡೆದವರ ಜೊತೆ.

ಈ ಲೆಕ್ಕ ನೀರಸ ಅನ್ನಿಸಬಹುದು, ಆದರೆ ಕಥೆಯ ಬೇರು ಇಲ್ಲೇ ಇದೆ. ಒಂದೇ ಡಿವಿಷನ್‌ನ ಎರಡು ಟೀಮ್‌ಗಳ ಪಟ್ಟಿ ಪಕ್ಕಪಕ್ಕ ಇಟ್ಟು ನೋಡಿ. 2 ಪಂದ್ಯ ತಮ್ಮತಮ್ಮಲ್ಲೇ. 12 ಪಂದ್ಯ ಅದೇ ಎದುರಾಳಿಗಳ ಜೊತೆ. ಬೇರೆ ಆಗೋದು 3 ಮಾತ್ರ. ಹಾಗಾಗಿ ಡಿವಿಷನ್ ಒಳಗೆ ಯಾರು ಮೇಲು ಅಂತ ಕೇಳಿದರೆ ಉತ್ತರ ನಂಬಬಹುದು. ಬೇರೆ ಡಿವಿಷನ್‌ನವರ ಜೊತೆ ಹೋಲಿಸಿದಾಗ ಈ ನಂಬಿಕೆ ಇರೋದಿಲ್ಲ. ಒಬ್ಬರಿಗೆ ಬಂದ ಎದುರಾಳಿಗಳೇ ಬೇರೆ, ಇನ್ನೊಬ್ಬರಿಗೆ ಬಂದವರೇ ಬೇರೆ.

ಪ್ಲೇಆಫ್‌ಗೆ ಒಂದು ಕಾನ್ಫರೆನ್ಸಿನಿಂದ 7 ಟೀಮ್ ಹೋಗುತ್ತವೆ. 2020ರಿಂದ ಹೀಗೆ, ಅದಕ್ಕೂ ಮುಂಚೆ 6 ಇತ್ತು. ನಾಲ್ಕು ಡಿವಿಷನ್ ಚಾಂಪಿಯನ್‌ಗಳು, ಉಳಿದವರಲ್ಲಿ ಹೆಚ್ಚು ಗೆದ್ದ ಮೂವರು. ಈ ಮೂವರಿಗೆ ವೈಲ್ಡ್ ಕಾರ್ಡ್ ಅಂತ ಹೆಸರು. ಚಾಂಪಿಯನ್‌ಗಳಿಗೆ ಒಂದರಿಂದ ನಾಲ್ಕರವರೆಗಿನ ನಂಬರ್, ಎಷ್ಟೇ ಕಡಿಮೆ ಗೆದ್ದಿರಲಿ. ವೈಲ್ಡ್ ಕಾರ್ಡಿನವರಿಗೆ ಐದರಿಂದ ಏಳು, ಎಷ್ಟೇ ಜಾಸ್ತಿ ಗೆದ್ದಿರಲಿ. ಒಂದನೇ ನಂಬರಿನವರಿಗೆ ಮೊದಲ ಸುತ್ತು ರಜೆ. ಎರಡರಿಂದ ನಾಲ್ಕನೇ ನಂಬರಿನವರಿಗೆ ತಮ್ಮ ಊರಲ್ಲೇ ಆಟ.

ಈಗ ನಿಮ್ಮ ಶನಿವಾರಕ್ಕೆ ಬರೋಣ, 3 ಜನವರಿ 2026.

ಅವತ್ತು ಬೆಳಗ್ಗೆ ಪ್ಯಾಂಥರ್ಸ್ 8 ಗೆದ್ದು 8 ಸೋತಿತ್ತು. ಬಕ್ಸ್ 7-9. ಈ ಬಕ್ಸ್ ಕಥೆಯೂ ಕೇಳುವಂಥದ್ದೇ. ಸೀಸನ್ ಅರ್ಧದಲ್ಲಿ 6-2 ಇತ್ತು, ಡಿವಿಷನ್ ಅವರದೇ ಅಂತ ಎಲ್ಲರೂ ಬರೆದುಬಿಟ್ಟಿದ್ದರು. ಆಮೇಲಿನ ಎಂಟರಲ್ಲಿ ಏಳು ಸೋತರು. ಕೊನೇ ಪಂದ್ಯದಲ್ಲಿ ನಿಮ್ಮನ್ನು 16-14ರಿಂದ ಸೋಲಿಸಿದರು. ಇಬ್ಬರೂ 8-9 ಆದರು. ಫಾಲ್ಕನ್ಸ್ 7-9ರಲ್ಲಿತ್ತು, ಭಾನುವಾರ ಸೇಂಟ್ಸ್ ಜೊತೆ ಅವರ ಕೊನೇ ಪಂದ್ಯ.

ಫಾಲ್ಕನ್ಸ್ ಸೋತಿದ್ದರೆ ಏನಾಗುತ್ತಿತ್ತು? ಪ್ಯಾಂಥರ್ಸ್, ಬಕ್ಸ್ ಇಬ್ಬರೇ ಸಮ. ಮೊದಲ ಪ್ರಶ್ನೆ: ಒಬ್ಬರನ್ನೊಬ್ಬರು ಎಷ್ಟು ಸಲ ಸೋಲಿಸಿದ್ದಾರೆ? ಒಂದೊಂದು ಸಲ. ಮುಂದಿನ ಪ್ರಶ್ನೆ: ಡಿವಿಷನ್‌ನ 6 ಪಂದ್ಯದಲ್ಲಿ ಎಷ್ಟು ಗೆಲುವು? ಬಕ್ಸ್ ಮೂವರ ಎದುರೂ ಒಂದು ಗೆದ್ದು ಒಂದು ಸೋತಿತ್ತು, 3-3. ಪ್ಯಾಂಥರ್ಸ್ ಫಾಲ್ಕನ್ಸ್ ಅನ್ನು ಎರಡು ಸಲವೂ ಸೋಲಿಸಿತ್ತು, ಸೇಂಟ್ಸ್ ಎದುರು ಎರಡು ಸಲವೂ ಸೋತಿತ್ತು. ಅದೂ 3-3. ಮೂರನೇ ಪ್ರಶ್ನೆ: ಇಬ್ಬರಿಗೂ ಸಮಾನ ಎದುರಾಳಿಗಳಿದ್ದ 12 ಪಂದ್ಯದಲ್ಲಿ? ಬಕ್ಸ್ 6 ಗೆದ್ದಿತ್ತು, ಪ್ಯಾಂಥರ್ಸ್ 5. ಬಕ್ಸ್ ಚಾಂಪಿಯನ್.

ಫಾಲ್ಕನ್ಸ್ ಗೆದ್ದರೆ? ಅವರೂ 8-9, ಮೂವರೂ ಸಮ. ಆಗ ಲೆಕ್ಕ ಮತ್ತೆ ಮೊದಲಿಂದ ಶುರು. ಈ ಮೂವರು ತಮ್ಮತಮ್ಮಲ್ಲಿ ಆಡಿದ ಪಂದ್ಯ ಮಾತ್ರ ತೆಗೆದುಕೊಳ್ಳಬೇಕು. ಪ್ಯಾಂಥರ್ಸ್‌ಗೆ ಫಾಲ್ಕನ್ಸ್ ಮೇಲೆ ಎರಡು ಗೆಲುವು, ಬಕ್ಸ್ ಮೇಲೆ ಒಂದು ಗೆಲುವು ಒಂದು ಸೋಲು. ಒಟ್ಟು 3-1. ಬಕ್ಸ್ 2-2. ಫಾಲ್ಕನ್ಸ್ 1-3. ಅಲ್ಲಿಗೆ ಮುಗಿಯಿತು. ಎರಡನೇ ಪ್ರಶ್ನೆಗೆ ಹೋಗುವ ಅಗತ್ಯವೇ ಬೀಳಲಿಲ್ಲ.

ಸೇಂಟ್ಸ್ ಎಲ್ಲಿ ಹೋಯಿತು ನೋಡಿ. ಮೂವರ ಲೆಕ್ಕದಲ್ಲಿ ಅವರಿಗೆ ಜಾಗವೇ ಇಲ್ಲ. ನಿಮ್ಮ ಟೀಮ್ ಮರೆಯಬೇಕು ಅಂದುಕೊಳ್ಳುವ ಆ ಎರಡು ಸೋಲು ಇಲ್ಲಿ ನಿಜಕ್ಕೂ ಅಳಿಸಿಹೋದವು. ಫಾಲ್ಕನ್ಸ್ 19-17ರಿಂದ ಗೆದ್ದಾಗ ಅವರು ನಿಮಗೆ ಗೆಲುವನ್ನೇನೂ ಕೊಡಲಿಲ್ಲ. ಯಾವ ಪಂದ್ಯಗಳನ್ನು ಎಣಿಸಬೇಕು ಅನ್ನೋದನ್ನು ಬದಲಾಯಿಸಿದರು, ಅಷ್ಟೇ. ಅವರನ್ನು ಎರಡು ಸಲ ಸೋಲಿಸಿದ್ದರ ಫಲ ನಿಮಗೆ ಅವತ್ತು ಸಿಕ್ಕಿತು. ಮಾವನವರಿಗೆ ಇಷ್ಟು ಹೇಳಿದರೆ ಸಾಕು.

ಸೆಟ್ಟಿಂಗ್ ಅಂದವರಿಗೂ ಒಂದು ಮಾತು. ಫಾಲ್ಕನ್ಸ್‌ಗೆ ಆ ಪಂದ್ಯದಿಂದ ಆಗಬೇಕಾದ್ದು ಏನೂ ಇರಲಿಲ್ಲ, ಪ್ಲೇಆಫ್ ದಾರಿ ಮೊದಲೇ ಮುಚ್ಚಿತ್ತು. ಇಂಥ ಟೀಮ್ ಸೋತು ಮುಂದಿನ ಡ್ರಾಫ್ಟ್‌ನಲ್ಲಿ (ಟೀಮ್‌ಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳೋದು, ಹೆಚ್ಚು ಸೋತವರಿಗೆ ಮೊದಲ ಸರದಿ) ಒಳ್ಳೇ ಆಟಗಾರನನ್ನು ಹಿಡಿಯಲು ನೋಡುತ್ತದೆ ಅಂತ ಜನ ಹೇಳುವುದುಂಟು. ಆದರೆ ಫಾಲ್ಕನ್ಸ್ ತನ್ನ ಮೊದಲ ಸುತ್ತಿನ ಆಯ್ಕೆಯನ್ನು ಹಿಂದೆಯೇ ರ‍್ಯಾಮ್ಸ್‌ಗೆ ಬಿಟ್ಟುಕೊಟ್ಟಿತ್ತು. ಸೋತರೆ ಲಾಭ ರ‍್ಯಾಮ್ಸ್‌ಗೆ, ಇವರಿಗಲ್ಲ. ಅದಕ್ಕಿಂತ ದೊಡ್ಡ ವಿಷಯ, ಆಟಗಾರರು, ಕೋಚ್‌ಗಳು ಮುಂದಿನ ವರ್ಷದ ಕೆಲಸಕ್ಕಾಗಿ ಆಡುತ್ತಿರುತ್ತಾರೆ. ಫಾಲ್ಕನ್ಸ್ ಕೊನೇ ನಾಲ್ಕೂ ಪಂದ್ಯ ಗೆದ್ದಿತು. ಆದರೂ ಆ ಭಾನುವಾರ ರಾತ್ರಿಯೇ ಕೋಚ್ ರಹೀಮ್ ಮಾರಿಸ್ ಅವರ ಕೆಲಸ ಹೋಯಿತು. ಇದು ಸೆಟ್ಟಿಂಗ್ ಆಗಿದ್ದರೆ ಬಹಳ ಕೆಟ್ಟ ಸೆಟ್ಟಿಂಗ್.

ಕ್ರಿಕೆಟ್ ನೋಡಿ ಬಂದವರಿಗೆ ಇನ್ನೊಂದು ತಪ್ಪು ತಿಳಿವಳಿಕೆ ಇರುತ್ತದೆ. ಸಮ ಆದರೆ ರನ್ ರೇಟ್ ಥರ ಪಾಯಿಂಟ್ ವ್ಯತ್ಯಾಸ ನೋಡುತ್ತಾರೆ ಅಂತ. ಐಪಿಎಲ್ ಹಾಗೇ ಕಲಿಸಿದೆ ಅಲ್ವಾ. 2024ರ ಮೇ 18ರಂದು ಚಿನ್ನಸ್ವಾಮಿಯಲ್ಲಿ ಆರ್‌ಸಿಬಿ ಚೆನ್ನೈಯನ್ನು ಸೋಲಿಸಿದರೆ ಸಾಲದು, ಇಷ್ಟು ರನ್ನಿಂದ ಸೋಲಿಸಬೇಕು ಅಂತಿತ್ತು. 27 ರನ್ನಿಂದ ಗೆದ್ದು ಒಳಗೆ ಹೋದರು. ಎನ್‌ಎಫ್‌ಎಲ್‌ನಲ್ಲಿ ಆ ತಲೆನೋವಿಲ್ಲ. ಪಾಯಿಂಟ್‌ಗಳು ಬರೋದು ಪಟ್ಟಿಯ ತುಂಬ ಕೆಳಗೆ. ಮೊದಲು ಪರಸ್ಪರ ಫಲಿತಾಂಶ, ಆಮೇಲೆ ಡಿವಿಷನ್ ದಾಖಲೆ, ಸಮಾನ ಎದುರಾಳಿಗಳು, ಕಾನ್ಫರೆನ್ಸ್ ದಾಖಲೆ. ಅಲ್ಲೂ ಬಗೆಹರಿಯದಿದ್ದರೆ ನೀವು ಸೋಲಿಸಿದವರು ಎಷ್ಟು ಗಟ್ಟಿ, ನೀವು ಆಡಿದವರೆಲ್ಲ ಎಷ್ಟು ಗಟ್ಟಿ ಅಂತ ನೋಡುತ್ತಾರೆ. ಇಷ್ಟೆಲ್ಲ ದಾಟಿದ ಮೇಲೆ ಪಾಯಿಂಟ್ ಲೆಕ್ಕ. ಕಟ್ಟಕಡೆಗೆ ನಾಣ್ಯ ಚಿಮ್ಮುವುದೂ ನಿಯಮದಲ್ಲಿದೆ.

ಪಾಯಿಂಟ್ ವ್ಯತ್ಯಾಸ ನೋಡುವ ಪದ್ಧತಿ ಇದ್ದಿದ್ದರೆ ನಿಮಗೆ ಕಷ್ಟವಾಗುತ್ತಿತ್ತು. ಆ ಸೀಸನ್ನಿನಲ್ಲಿ ಪ್ಯಾಂಥರ್ಸ್ ಗಳಿಸಿದ್ದು 311, ಕೊಟ್ಟಿದ್ದು 380. ಅಂದರೆ ಮೈನಸ್ 69. ಬಕ್ಸ್ ಮೈನಸ್ 31. ಪ್ಯಾಂಥರ್ಸ್ ಸೋತಾಗ ಚೆನ್ನಾಗಿಯೇ ಸೋಲುತ್ತಿತ್ತು, ಒಮ್ಮೆ ಪೇಟ್ರಿಯಟ್ಸ್ ಎದುರು 42-13, ಇನ್ನೊಮ್ಮೆ ಬಿಲ್ಸ್ ಎದುರು 40-9. ಗೆದ್ದಾಗ ಮಾತ್ರ ಹೆಚ್ಚಿನ ಸಲ ಮೂರೇ ಪಾಯಿಂಟ್‌ನಿಂದ. ಆದರೆ ಈ ಆಟದಲ್ಲಿ ಸೋಲು ಸೋಲೇ, ಅದರ ಗಾತ್ರ ಕೇಳುವವರಿಲ್ಲ. ನನಗಂತೂ ಇದು ಇಷ್ಟ. ಗೆಲುವು ಖಾತ್ರಿಯಾದ ಮೇಲೂ ಸುಮ್ನೆ ಪಾಯಿಂಟ್ ಪೇರಿಸಲು ಆಟಗಾರರನ್ನು ಗುದ್ದಾಟಕ್ಕೆ ತಳ್ಳುವ ಅಗತ್ಯ ಇರೋದಿಲ್ಲ. ಪ್ರತಿ ಗುದ್ದಾಟದಲ್ಲೂ ಮಂಡಿ, ಭುಜ ಮುರಿಯುವ ಆಟ ಇದು.

ಇನ್ನು ನಿಮ್ಮ ಎರಡನೇ ಸಹೋದ್ಯೋಗಿಯ ಮಾತು. ಅರ್ಧದಷ್ಟೂ ಗೆಲ್ಲದ ಟೀಮ್ ಚಾಂಪಿಯನ್ ಆಗಿದ್ದು ಇದೇ ಮೊದಲಲ್ಲ. ಪೂರ್ತಿ ಸೀಸನ್ ಆಡಿ ಹೀಗೆ ಗೆದ್ದ ಮೊದಲ ಟೀಮ್ 2010ರ ಸಿಯಾಟಲ್ ಸೀಹಾಕ್ಸ್, 7-9. ಆಮೇಲೆ 2014ರಲ್ಲಿ ನಿಮ್ಮದೇ ಪ್ಯಾಂಥರ್ಸ್ 7 ಗೆಲುವು, 8 ಸೋಲು, ಒಂದು ಸಮ. 2020ರಲ್ಲಿ ವಾಷಿಂಗ್ಟನ್ 7-9. 2022ರಲ್ಲಿ ಬಕ್ಸ್ 8-9. ಐದನೆಯದು ನೀವು. ಈ ಐದರಲ್ಲಿ ಮೂರು ಎನ್‌ಎಫ್‌ಸಿ ಸೌತ್‌ನಿಂದಲೇ ಬಂದವು ಅನ್ನೋದನ್ನು ಅಲ್ಲಿಯ ಅಭಿಮಾನಿಗಳು ಹೆಮ್ಮೆಯಿಂದ ಹೇಳಿಕೊಳ್ಳೋದಿಲ್ಲ ಬಿಡಿ.

ಇವರು ಬಂದವರ ಎದುರು ಸುಮ್ಮನೆ ಶರಣಾದರು ಅಂತಲೂ ಇಲ್ಲ. 2010ರ ಸೀಹಾಕ್ಸ್ ತನ್ನ ಊರಿಗೆ ಬಂದ ಹಾಲಿ ಚಾಂಪಿಯನ್ ಸೇಂಟ್ಸ್ ಅನ್ನು 41-36ರಿಂದ ಮನೆಗೆ ಕಳಿಸಿತು. ಮಾರ್ಷಾನ್ ಲಿಂಚ್ ಅವತ್ತು ಒಬ್ಬೊಬ್ಬರನ್ನೇ ಕೊಡವಿಕೊಂಡು 67 ಗಜ ಓಡಿದ್ದನ್ನು ಮಗನಿಗೆ ತೋರಿಸಿ. ಜನ ಕುಣಿದ ಕುಣಿತ ಹತ್ತಿರದ ಭೂಕಂಪ ಮಾಪಕದಲ್ಲಿ ದಾಖಲಾಗಿತ್ತು. 2014ರ ಪ್ಯಾಂಥರ್ಸ್ ಕೂಡ 11 ಗೆದ್ದಿದ್ದ ಅರಿಜೋನಾವನ್ನು ಸೋಲಿಸಿತು. ನಿಮ್ಮ ಈ ವರ್ಷದ ಪಂದ್ಯ ನಿಮಗೇ ಗೊತ್ತು. ರ‍್ಯಾಮ್ಸ್ 34-31ರಿಂದ ಗೆದ್ದಿತು, ಅದೂ ಕೊನೇ ನಿಮಿಷದ ಟಚ್‌ಡೌನ್‌ನಿಂದ (ಚೆಂಡನ್ನು ಎದುರಾಳಿಯ ಕೊನೇ ಗೆರೆ ದಾಟಿಸೋದು). 12-5 ಟೀಮ್‌ಗೂ 8-9 ಟೀಮ್‌ಗೂ ನಡುವೆ ಅವತ್ತು ಕಂಡ ಅಂತರ ಅಷ್ಟೇ. ನವೆಂಬರ್ ಕೊನೆಯಲ್ಲಿ ಅದೇ ರ‍್ಯಾಮ್ಸ್ ಅನ್ನು ಅದೇ ಮೈದಾನದಲ್ಲಿ ನೀವು 31-28ರಿಂದ ಸೋಲಿಸಿದ್ದೂ ಉಂಟು.

8-9 ಅನ್ನೋದನ್ನು ಓದುವಾಗ ಒಂದು ಕಾರಣ ನೆನಪಿಡಿ. ಆ ವರ್ಷ ಎನ್‌ಎಫ್‌ಸಿ ಸೌತ್‌ನ ಸರದಿ ಬಿದ್ದದ್ದು ಎನ್‌ಎಫ್‌ಸಿ ವೆಸ್ಟ್ ಜೊತೆ. ಅಲ್ಲಿ ಸೀಹಾಕ್ಸ್ 14 ಗೆದ್ದಿತು, ರ‍್ಯಾಮ್ಸ್, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಲಾ 12. ಸೀಹಾಕ್ಸ್ ಕೊನೆಗೆ ಲೀಗಿನ ಫೈನಲ್ ಆದ ಸೂಪರ್ ಬೌಲನ್ನೇ ಗೆದ್ದಿತು. ನಿಮ್ಮ ಡಿವಿಷನ್‌ನ ನಾಲ್ಕೂ ಟೀಮ್ ಈ ಮೂವರ ಕೈಗೆ ಸಿಕ್ಕಬೇಕಾಯಿತು. ಬೇರೆ ಸರದಿ ಬಿದ್ದಿದ್ದರೆ ಒಂದೆರಡು ಗೆಲುವು ಜಾಸ್ತಿ ಬರುತ್ತಿತ್ತೇನೋ. ಹಾಗಂತ ಪ್ಯಾಂಥರ್ಸ್ ದೊಡ್ಡ ಟೀಮ್ ಅಂತ ನಾನು ಹೇಳುತ್ತಿಲ್ಲ. ಒಂದೆರಡು ಗೆಲುವಿನ ವ್ಯತ್ಯಾಸಕ್ಕೆ ವೇಳಾಪಟ್ಟಿ ಕಾರಣ ಇರಬಹುದು. ನಾಲ್ಕು ಗೆಲುವಿನ ವ್ಯತ್ಯಾಸಕ್ಕೆ ಆ ನೆಪ ನಡೆಯೋದಿಲ್ಲ.

ಈ ವ್ಯವಸ್ಥೆ ಬದಲಿಸಲು ಪ್ರಯತ್ನವೂ ನಡೆದಿದೆ. 2024ರ ಸೀಸನ್ನಿನ ಕೊನೇ ವಾರ ಡೆಟ್ರಾಯಿಟ್ ಲಯನ್ಸ್, ಮಿನ್ನೆಸೋಟಾ ವೈಕಿಂಗ್ಸ್ ಎರಡೂ 14-2 ಇದ್ದವು, ಎರಡೂ ಎನ್‌ಎಫ್‌ಸಿ ನಾರ್ತ್. ಲಯನ್ಸ್ 31-9ರಿಂದ ಗೆದ್ದು ಕಾನ್ಫರೆನ್ಸಿಗೇ ನಂಬರ್ ಒಂದು ಆಯಿತು, ಮೊದಲ ಸುತ್ತು ರಜೆ. ವೈಕಿಂಗ್ಸ್ 14-3 ಇದ್ದರೂ ಐದನೇ ನಂಬರ್. 10-7 ಇದ್ದ ರ‍್ಯಾಮ್ಸ್ ಎದುರು ಆತಿಥೇಯರಲ್ಲ, ಅತಿಥಿಗಳು. ಲಾಸ್ ಏಂಜಲೀಸ್ ಕಾಳ್ಗಿಚ್ಚಿನಿಂದ ಆ ಪಂದ್ಯ ಅರಿಜೋನಾಕ್ಕೆ ಹೋಯಿತು, ವೈಕಿಂಗ್ಸ್ 27-9ರಿಂದ ಸೋತಿತು. ಒಂದು ರಾತ್ರಿಯ ಸೋಲಿಗೆ ಒಂದರಿಂದ ಐದಕ್ಕೆ ಜಾರೋದು ಸರಿಯಲ್ಲ ಅಂತ 2025ರಲ್ಲಿ ಲಯನ್ಸ್‌ನವರೇ, ಗೆದ್ದವರೇ, ಒಂದು ಪ್ರಸ್ತಾಪ ತಂದರು. ಡಿವಿಷನ್ ಗೆದ್ದವರಿಗೆ ಪ್ಲೇಆಫ್‌ನಲ್ಲಿ ಜಾಗ ಇರಲಿ, ಆದರೆ ಹೆಚ್ಚು ಗೆದ್ದ ವೈಲ್ಡ್ ಕಾರ್ಡ್ ಟೀಮ್ ಅವರಿಗಿಂತ ಮೇಲಿನ ನಂಬರ್ ಪಡೆಯಲಿ ಅಂತ. ನಿಯಮ ಬದಲಾಗಬೇಕಾದರೆ 32 ಮಾಲೀಕರಲ್ಲಿ 24 ಜನ ಒಪ್ಪಬೇಕು. ಅಷ್ಟು ಬೆಂಬಲ ಕಾಣಲಿಲ್ಲ, ಮೇ ತಿಂಗಳಲ್ಲಿ ವಾಪಸ್ ತೆಗೆದುಕೊಂಡರು.

ಆ ನಿಯಮ ಈ ಜನವರಿಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು ಅಂತ ಲೆಕ್ಕ ಹಾಕಿ ನೋಡಿದೆ. ಸೀಹಾಕ್ಸ್ ಒಂದು, ರ‍್ಯಾಮ್ಸ್ ಎರಡು, ಫಾರ್ಟಿನೈನರ್ಸ್ ಮೂರು, ಬೇರ್ಸ್, ಈಗಲ್ಸ್, ಪ್ಯಾಕರ್ಸ್, ಕೊನೆಗೆ ಏಳನೇ ನಂಬರ್ ಪ್ಯಾಂಥರ್ಸ್. ಎರಡನೆಯವರು ಆಡೋದು ಏಳನೆಯವರ ಜೊತೆ. ಅಂದರೆ ಮತ್ತೆ ರ‍್ಯಾಮ್ಸ್, ಪ್ಯಾಂಥರ್ಸ್! ಅದೇ ಪಂದ್ಯ, ಶಾರ್ಲೆಟ್ ಬದಲು ಲಾಸ್ ಏಂಜಲೀಸ್‌ನಲ್ಲಿ. ತಮಾಷೆ ಅಂದರೆ ಪ್ರಸ್ತಾಪ ತಂದ ಲಯನ್ಸ್ ಈ ಸಲ 9-8 ಗೆದ್ದು ಮನೆಯಲ್ಲಿ ಕೂತಿತು, ನಿಮಗಿಂತ ಒಂದು ಜಾಸ್ತಿ ಗೆದ್ದೂ. ಅವರ ಪ್ರಸ್ತಾಪ ಪಾಸಾಗಿದ್ದರೂ ಅವರಿಗೆ ಜಾಗ ಸಿಗುತ್ತಿರಲಿಲ್ಲ.

ಹಾಗಾದರೆ ಯಾವುದು ಸರಿ? ಈಗಿರುವ ಪದ್ಧತಿಯ ನಷ್ಟ ವೈಕಿಂಗ್ಸ್ ಥರದವರಿಗೆ, ಅದನ್ನು ಮುಚ್ಚಿಡುವಂತಿಲ್ಲ. ಡಿವಿಷನ್‌ಗೆ ಬೆಲೆಯೇ ಬೇಡ, ಹೆಚ್ಚು ಗೆದ್ದ ಏಳು ಟೀಮ್ ತೆಗೆದುಕೊಳ್ಳಿ ಅನ್ನುವವರೂ ಇದ್ದಾರೆ. ಅದನ್ನು ನಾನು ಒಪ್ಪೋದಿಲ್ಲ. ಬೇರೆ ಬೇರೆ ಎದುರಾಳಿಗಳ ಜೊತೆ ಆಡಿ ಪಡೆದ 9-8, 8-9 ಅನ್ನೋ ಅಂಕಿಗಳನ್ನು ಒಂದೇ ತಕ್ಕಡಿಗೆ ಹಾಕಿದ ಹಾಗಾಗುತ್ತದೆ. ಜೊತೆಗೆ ಕೊನೇ ವಾರಗಳು ಸಪ್ಪೆಯಾಗುತ್ತವೆ. 2010ರಿಂದ ಕೊನೇ ವಾರದ ಪಂದ್ಯಗಳನ್ನೆಲ್ಲ ಡಿವಿಷನ್ ಒಳಗೇ ಇಟ್ಟಿರೋದು, ಗೆದ್ದು ಕೂತ ಟೀಮ್‌ಗಳು ಮುಖ್ಯ ಆಟಗಾರರನ್ನು ಬೆಂಚಿನಲ್ಲಿ ಕೂರಿಸುವುದು ಕಡಿಮೆಯಾಗಲಿ ಅಂತಲೇ. ಲಯನ್ಸ್ ಹೇಳಿದ ನಡುದಾರಿಯ ಬಗ್ಗೆ ನನಗೆ ಅಷ್ಟು ವಿರೋಧವಿಲ್ಲ. ಜಾಗ ಡಿವಿಷನ್‌ಗೆ, ಮೈದಾನ ಗೆಲುವಿಗೆ. ಆದರೆ ಅದರಲ್ಲೂ ಒಂದು ಅಪಾಯ ಇದೆ. ಡಿಸೆಂಬರ್‌ನಲ್ಲಿ ಡಿವಿಷನ್ ಖಾತ್ರಿ ಮಾಡಿಕೊಂಡ ಮಧ್ಯಮ ಟೀಮ್‌ಗೆ ಆಮೇಲೆ ಆಡಲು ಕಾರಣ ಸಿಗುತ್ತದೆ ನಿಜ, ಆದರೆ ಸುಲಭದ ವೇಳಾಪಟ್ಟಿ ಬಿದ್ದವರಿಗೆ ಸುಮ್ಮನೆ ಬೋನಸ್ ಸಿಕ್ಕಂತಾಗುತ್ತದೆ. ಇನ್ನು ರೂಲ್ ಬೇಗ ಹೋಗುತ್ತೆ ಅನ್ನೋದಕ್ಕೆ ನನಗೆ ಆಧಾರ ಕಾಣುತ್ತಿಲ್ಲ. ಊರಲ್ಲಿ ಒಂದು ಪ್ಲೇಆಫ್ ಪಂದ್ಯ ನಡೆಯೋದು ಅಂದರೆ ಮಾಲೀಕರಿಗೆ ದುಡ್ಡು, ಯಾವ ವರ್ಷ ಆ ಅದೃಷ್ಟ ತಮ್ಮದಾಗುತ್ತೋ ಯಾರಿಗೂ ಗೊತ್ತಿಲ್ಲ. 24 ಕೈ ಎತ್ತಿಸೋದು ಕಷ್ಟ.

ಗೆದ್ದಿದ್ದಕ್ಕೆ ನೀವು ಕೊಡುವ ಬೆಲೆಯೂ ಇದೆ. ಪ್ಲೇಆಫ್ ಆಡಿದವರಿಗೆ ಡ್ರಾಫ್ಟ್‌ನಲ್ಲಿ ಸರದಿ ಶುರುವಾಗೋದೇ 19ರಿಂದ. 8-9 ಬಕ್ಸ್‌ಗೆ 15ನೇ ಆಯ್ಕೆ, ಅದೇ 8-9 ಪ್ಯಾಂಥರ್ಸ್‌ಗೆ 19ನೆಯದು. ಮುಂದಿನ ಸೀಸನ್ನಿನ ಆ ಮೂರು ಬೇರೆ ಪಂದ್ಯಗಳು ಈಗ ಮೊದಲ ಸ್ಥಾನದವರ ಜೊತೆ. ಅದರಲ್ಲಿ ಸೀಹಾಕ್ಸ್ ಇದೆ, ಈಗಲ್ಸ್ ಇದೆ. ಕೆಲವು ಅಭಿಮಾನಿಗಳು ‘ಸೋತಿದ್ದರೇ ಒಳ್ಳೇದಿತ್ತು’ ಅಂತಾರೆ. ನಾಲ್ಕು ಸ್ಥಾನದ ಡ್ರಾಫ್ಟ್ ವ್ಯತ್ಯಾಸಕ್ಕೆ ಒಂದು ಡಿವಿಷನ್ ಕಿರೀಟ ಬಿಟ್ಟುಕೊಡಿ ಅಂದರೆ ಯಾವ ಆಟಗಾರನೂ ಒಪ್ಪೋದಿಲ್ಲ. ಪ್ಯಾಂಥರ್ಸ್‌ಗೆ ಇದು 2015ರ ನಂತರದ ಮೊದಲ ಡಿವಿಷನ್.

ಇನ್ನು ನೀವೇ ಲೆಕ್ಕ ಹಾಕುವ ಬಗೆ. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಬರುವವರೆಗೆ ಪಟ್ಟಿ ನೋಡಿ ಚಿಂತೆ ಮಾಡಬೇಡಿ, ಬಕ್ಸ್ ಕಥೆ ಕೇಳಿದಿರಲ್ಲ. ಆಮೇಲೆ ನೋಡುವಾಗ ಗೆಲುವಿನ ಕಾಲಂ ಬಿಟ್ಟು ಸೋಲಿನ ಕಾಲಂ ನೋಡಿ. ಒಂದೊಂದು ಟೀಮ್‌ಗೆ ಬೇರೆ ಬೇರೆ ವಾರ ರಜೆ ಇರೋದರಿಂದ ಗೆಲುವು ಮೋಸ ಮಾಡುತ್ತದೆ. ಸೋಲನ್ನು ಯಾರೂ ವಾಪಸ್ ಪಡೆಯಲಾರರು. ಮುಖ್ಯವಾಗಿ, ಡಿವಿಷನ್ ಒಳಗಿನ ಪಂದ್ಯ ಎಷ್ಟು ಬಾಕಿ ಇದೆ ನೋಡಿ. ಅಲ್ಲಿ ನೀವು ಒಂದು ಗೆದ್ದರೆ ಎದುರಾಳಿಗೂ ಒಂದು ಸೋಲು, ಮೇಲೆ ಟೈಬ್ರೇಕರ್ ಕೂಡ ನಿಮ್ಮ ಕಡೆ ವಾಲುತ್ತದೆ. ಎರಡು ಗೆಲುವು ಹಿಂದಿದ್ದು, ಮುಂದಿರುವವರ ಜೊತೆ ಎರಡು ಪಂದ್ಯ ಬಾಕಿ ಇದ್ದರೆ ನೀವು ಇನ್ನೂ ರೇಸಿನಲ್ಲಿದ್ದೀರಿ. ಎರಡೂ ಆಡಿ ಮುಗಿಸಿದ್ದರೆ ಪರಿಸ್ಥಿತಿ ಬೇರೆ.

ಒಂದೊಂದು ಪಂದ್ಯ ಎಷ್ಟು ದೂರ ಕರೆದೊಯ್ಯುತ್ತದೆ ಅನ್ನೋದಕ್ಕೆ ಕಳೆದ ಡಿಸೆಂಬರ್ 18 ಸಾಕು. ಸೀಹಾಕ್ಸ್ ಹೆಚ್ಚುವರಿ ಸಮಯದಲ್ಲಿ ರ‍್ಯಾಮ್ಸ್ ಅನ್ನು 38-37ರಿಂದ ಸೋಲಿಸಿತು. ಟಚ್‌ಡೌನ್ ಆದ ಮೇಲೆ ಒಂದು ಪಾಯಿಂಟ್ ತೆಗೆದುಕೊಂಡು ಸಮ ಮಾಡಿಕೊಳ್ಳಬಹುದಿತ್ತು. ಎರಡು ಪಾಯಿಂಟ್‌ಗೇ ಕೈ ಹಾಕಿದರು, ಸಿಕ್ಕಿತು. ಆ ಎರಡು ಗಜದ ಆಟ ತಪ್ಪಿದ್ದರೆ ಗೆಲುವು ರ‍್ಯಾಮ್ಸ್‌ದು. ಅವರು ಜನವರಿಯಲ್ಲಿ ಶಾರ್ಲೆಟ್‌ಗೆ ಬರುವ ಪ್ರಮೇಯವೇ ಬರುತ್ತಿರಲಿಲ್ಲವೇನೋ.

ವೆಬ್‌ಸೈಟುಗಳಲ್ಲಿ ‘ಡಿವಿಷನ್ ಗೆಲ್ಲುವ ಸಾಧ್ಯತೆ ಶೇ 20’ ಅಂತೆಲ್ಲ ಬರುತ್ತದೆ. ಉಳಿದ ಪಂದ್ಯಗಳನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಆಡಿಸಿ ತೆಗೆದ ಅಂಕಿ ಅದು. ಸುಳ್ಳಲ್ಲ. ಆದರೆ ಶೇ 20 ಅಂದರೆ ಸರಾಸರಿ ಐದರಲ್ಲಿ ಒಂದು ಸಲ ಆಗುತ್ತದೆ ಅನ್ನೋದನ್ನು ಜನ ಮರೆಯುತ್ತಾರೆ. 2008ರಲ್ಲಿ ಸ್ಯಾನ್ ಡಿಯಾಗೊ ಚಾರ್ಜರ್ಸ್ 4-8 ಇತ್ತು. ಉಳಿದ ನಾಲ್ಕೂ ಗೆದ್ದು 8-8ಕ್ಕೆ ಡಿವಿಷನ್ ಗೆದ್ದಿತು, ಪ್ಲೇಆಫ್‌ನಲ್ಲಿ 12 ಗೆದ್ದಿದ್ದ ಕೋಲ್ಟ್ಸ್ ಅನ್ನೂ ಹೊಡೆಯಿತು. ಅದೇ ವರ್ಷ 11-5 ಪೇಟ್ರಿಯಟ್ಸ್ ಮನೆಯಲ್ಲಿ ಕೂತು ನೋಡಿತು. ಆ ಅಂಕಿಗಳನ್ನು ನಂಬಿ ಆಫೀಸಿನವರ ಜೊತೆ ದುಡ್ಡು ಕಟ್ಟುವ ಯೋಚನೆ ಇದ್ದರೆ, ಕಳೆದುಕೊಂಡರೂ ಬೇಜಾರಾಗದಷ್ಟು ಮಾತ್ರ ಕಟ್ಟಿ.

ಟಿಕೆಟ್ ವಿಷಯ. ಮೊದಲು ತಿಳಿಯಬೇಕಾದ್ದು, ಪ್ಲೇಆಫ್ ಸೇರಿದರೂ ಶಾರ್ಲೆಟ್‌ನಲ್ಲಿ ಪಂದ್ಯ ಇರಲೇಬೇಕು ಅಂತಿಲ್ಲ. ವೈಲ್ಡ್ ಕಾರ್ಡ್ ಆಗಿ ಹೋದರೆ ಮೊದಲ ಸುತ್ತು ಬೇರೆ ಊರಲ್ಲೇ. ಊರಲ್ಲಿ ಆಟ ಬೇಕು ಅಂದರೆ ಡಿವಿಷನ್ ಗೆಲ್ಲಬೇಕು. ಡಿಸೆಂಬರ್‌ನಲ್ಲಿ ಮರುಮಾರಾಟದ ಸೈಟಿನಲ್ಲಿ ತಗೊಂಡರೆ ಬೆಲೆ ಕಡಿಮೆ ಇರಬಹುದು. ಪಂದ್ಯ ನಡೆಯದಿದ್ದರೆ ದುಡ್ಡು ವಾಪಸ್ ಬರುತ್ತಾ, ಬಂದರೆ ಎಷ್ಟು ದಿನಕ್ಕೆ, ಸೈಟಿನವರ ಶುಲ್ಕವೂ ಸೇರಿ ಬರುತ್ತಾ ಅಥವಾ ಮುಂದಿನ ಖರೀದಿಗೆ ಕ್ರೆಡಿಟ್ ಕೊಟ್ಟು ಕೈ ತೊಳೆದುಕೊಳ್ಳುತ್ತಾರಾ ಅಂತ ಷರತ್ತು ಓದಿಯೇ ದುಡ್ಡು ಕೊಡಿ. ಕಾದು ತಗೊಂಡರೆ ಆ ಚಿಂತೆ ಇಲ್ಲ, ಆದರೆ ಬೆಲೆ ಏರಿರುತ್ತದೆ, ದಿನವೂ ಇರೋದಿಲ್ಲ. ಈ ಸಲ ಭಾನುವಾರ ಸಂಜೆ ಡಿವಿಷನ್ ಖಾತ್ರಿಯಾಯಿತು, ಬಂದ ಶನಿವಾರವೇ ರ‍್ಯಾಮ್ಸ್ ಪಂದ್ಯ.

ನನ್ನನ್ನು ಕೇಳಿದರೆ ಪ್ಲೇಆಫ್‌ಗೇ ಕಾಯಬೇಡಿ. ಡಿಸೆಂಬರ್ ಅಥವಾ ಜನವರಿಯಲ್ಲಿ ಶಾರ್ಲೆಟ್‌ನಲ್ಲಿ ನಡೆಯುವ ಒಂದು ಡಿವಿಷನ್ ಪಂದ್ಯ ನೋಡಿಕೊಳ್ಳಿ, ಬಕ್ಸ್, ಫಾಲ್ಕನ್ಸ್ ಅಥವಾ ಸೇಂಟ್ಸ್ ಎದುರು. ಪಂದ್ಯ ನಡೆದೇ ನಡೆಯುತ್ತದೆ, ಟಿಕೆಟ್ ಕೈಗೆಟಕುವಂತಿರುತ್ತದೆ, ರೇಸ್ ಇನ್ನೂ ಜೀವಂತ ಇದ್ದರೆ ಮೈದಾನದ ಬಿಸಿಯೂ ಪ್ಲೇಆಫ್‌ಗಿಂತ ಕಡಿಮೆ ಇರೋದಿಲ್ಲ. ಒಂದು ತೊಂದರೆ ಇದೆ. ಟೀವಿಯವರಿಗಾಗಿ ಕೊನೇ ವಾರಗಳ ಪಂದ್ಯಗಳ ದಿನ, ಸಮಯ ಬದಲಾಗುತ್ತಿರುತ್ತದೆ. 18ನೇ ವಾರದ ಪಂದ್ಯ ಶನಿವಾರವೋ ಭಾನುವಾರವೋ ಅನ್ನೋದು 17ನೇ ವಾರ ಮುಗಿಯುವ ಹೊತ್ತಿಗಷ್ಟೇ ಗೊತ್ತಾಗೋದು. ಆ ವಾರದ ಟಿಕೆಟ್ ತಗೊಂಡರೆ ಎರಡೂ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ.